ಸಾಕು ಎಂಬ ಮಾತಿಗೆ ಎರಡು ಅರ್ಥ

ಪ್ರಶ್ನೆ: ನನಗೆ 44 ವರ್ಷ. ಕಷ್ಟಪಟ್ಟು ಮೇಲೆ ಬಂದವನು. ಮೂವತ್ತು ತುಂಬುವ ಹೊತ್ತಿಗೆ ಜೀವನದಲ್ಲಿ ಏನೇನು ಬೇಕು ಅಂತ ಒಂದು ಪಟ್ಟಿ ಬರೆದುಕೊಂಡಿದ್ದೆ. ಈಗ ಅದರಲ್ಲಿ ಒಂದೂ ಬಾಕಿ ಇಲ್ಲ. ಸ್ವಂತ ಮನೆ, ಕಾರು, ಮಗಳ ಓದಿಗೆ ಬೇಕಾದ ದುಡ್ಡು, ಎಲ್ಲ ಇದೆ. ಈ ಮನೆ ತಗೊಂಡಿದ್ದೇ ಅದರ ಬಾಲ್ಕನಿ ನೋಡಿ. ಸಂಜೆ ಅಲ್ಲಿ ಕೂತು ಆಕಾಶ ನೋಡಬೇಕು ಅಂತ ಬಹಳ ಆಸೆ ಇತ್ತು. ಮೊನ್ನೆ ಮಗಳು, "ಅಪ್ಪಾ, ನೀನು ಬಾಲ್ಕನಿಗೆ ಬರೋದೇ ಇಲ್ವಲ್ಲ?" ಅಂದಳು. ಏನು ಹೇಳಬೇಕೋ ತೋಚಲಿಲ್ಲ. ಹೊಸದೇನಾದರೂ ಕೊಂಡರೆ ಒಂದು ವಾರ ಖುಷಿ ಇರುತ್ತದೆ. ಆಮೇಲೆ ಮತ್ತೆ ಖಾಲಿ ಖಾಲಿ. ನಾನು ಕೃತಘ್ನನಾ? ಆಸೆಯನ್ನೇ ಬಿಟ್ಟುಬಿಡಬೇಕಾ? ಹಾಗಂತ ಇಷ್ಟೇ ಸಾಕು ಅಂತ ಕೂತರೆ ಬೆಳೆಯೋದೇ ನಿಂತುಹೋಗುತ್ತದೆ ಅನ್ನುವ ಭಯವೂ ಇದೆ. ವಸ್ತುಗಳ ಆಚೆಗೆ ತೃಪ್ತಿ ಸಿಗುವುದು ಎಲ್ಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡು ಸಲವೂ ಮಗಳ ಆ ಮಾತಿನ ಹತ್ತಿರ ನಿಂತೆ. ಅವಳು ಮನೆ ಚೆನ್ನಾಗಿಲ್ಲ ಅನ್ನಲಿಲ್ಲ. ನೀವು ಅಲ್ಲಿಗೆ ಬರುತ್ತಿಲ್ಲ ಅಂದಳು, ಅಷ್ಟೇ. ನಿಮ್ಮ ಇಡೀ ಪ್ರಶ್ನೆಗಿಂತ ಅವಳ ಮಾತೇ ಉತ್ತರಕ್ಕೆ ಹತ್ತಿರ ಇದೆ ಅಂತ ನನಗೆ ಅನಿಸಿತು.

ನೀವು ಕೃತಘ್ನರಲ್ಲ. ಆ ಭಾರವನ್ನು ಮೊದಲು ಕೆಳಗಿಡಿ. ಆಪ್ತಸಮಾಲೋಚಕಿಯಾಗಿ ಬಹಳ ವರ್ಷಗಳಿಂದ ಜನರ ಮಾತು ಕೇಳುತ್ತಿದ್ದೇನೆ. "ಎಲ್ಲಾ ಇದೆ, ಆದರೂ ಏನೋ ಇಲ್ಲ" ಅನ್ನುವ ಮಾತನ್ನು ಹೇಳುವಾಗ ಜನ ತಲೆ ತಗ್ಗಿಸುತ್ತಾರೆ. ಬಡತನ ಹೇಳಿಕೊಳ್ಳುವುದಕ್ಕಿಂತ ಇದನ್ನು ಹೇಳಿಕೊಳ್ಳುವುದಕ್ಕೆ ಜಾಸ್ತಿ ನಾಚಿಕೊಳ್ಳುತ್ತಾರೆ. ನಾಚಿಕೊಳ್ಳುವಂಥದ್ದು ಇದರಲ್ಲಿ ಏನೂ ಇಲ್ಲ. ನಿಮ್ಮ ಮನಸ್ಸು ಎಲ್ಲರ ಮನಸ್ಸಿನ ಹಾಗೆಯೇ ಕೆಲಸ ಮಾಡುತ್ತಿದೆ.

ಮುಂದಕ್ಕೆ ಹೋಗುವ ಮೊದಲು ಒಂದು ವಿಷಯವನ್ನು ನೀವೇ ನೋಡಿಕೊಳ್ಳಿ. ಈ ಖಾಲಿತನ ಕೊಂಡ ವಸ್ತುಗಳ ವಿಷಯದಲ್ಲಿ ಮಾತ್ರವೋ, ಅಥವಾ ಯಾವುದರಲ್ಲೂ ರುಚಿ ಉಳಿದಿಲ್ಲವೋ? ಮೊದಲು ಇಷ್ಟವಾಗುತ್ತಿದ್ದ ಹಾಡು, ಗೆಳೆಯರ ಹರಟೆ, ಮಗಳ ಮಾತು ಇವು ಕೂಡ ಬೇಡ ಅನಿಸುತ್ತಿದೆಯಾ? ಜೊತೆಗೆ ನಿದ್ದೆ ಕೆಟ್ಟಿದೆಯಾ, ಹಸಿವು ಹೋಗಿದೆಯಾ, ದಿನವಿಡೀ ಸುಸ್ತಾ? ಇವೆಲ್ಲ ಎರಡು ವಾರಕ್ಕಿಂತ ಜಾಸ್ತಿ, ಹೆಚ್ಚುಕಡಿಮೆ ದಿನವೂ ಇದ್ದರೆ ಅದು ಖಿನ್ನತೆ ಇರಬಹುದು. ಅದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ದಯವಿಟ್ಟು ವೈದ್ಯರನ್ನು ನೋಡಿ. ಕಾಯಿಲೆಗೆ ವೇದಾಂತ ಮದ್ದಲ್ಲ. ನಿಮ್ಮ ಪತ್ರದ ಧಾಟಿ ನೋಡಿದರೆ ಹಾಗಿಲ್ಲ ಅನಿಸುತ್ತದೆ. ಆದರೂ ಇದನ್ನು ಹೇಳದೆ ಮುಂದೆ ಹೋಗುವುದು ತಪ್ಪು.

ಇನ್ನೊಂದನ್ನೂ ನೇರವಾಗಿ ಹೇಳಿಬಿಡುತ್ತೇನೆ. ದುಡ್ಡಿನಿಂದ ಏನೂ ಆಗುವುದಿಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಇಲ್ಲದವರ ಮುಂದೆ ಆ ಮಾತು ಆಡುವುದು ಕ್ರೂರ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ತಮಿಳುನಾಡಿನ ಕಬ್ಬು ಬೆಳೆಗಾರರನ್ನು ಕಟಾವಿಗೆ ಮೊದಲು ಒಮ್ಮೆ, ದುಡ್ಡು ಕೈಗೆ ಬಂದ ಮೇಲೆ ಒಮ್ಮೆ ಪರೀಕ್ಷೆ ಮಾಡಿದರು. ಅದೇ ರೈತರು ಕೈ ಖಾಲಿ ಇದ್ದಾಗ ಬುದ್ಧಿಗೆ ಸಂಬಂಧಿಸಿದ ಪರೀಕ್ಷೆಗಳಲ್ಲಿ ಹಿಂದೆ ಬಿದ್ದರು, ದುಡ್ಡು ಬಂದ ಮೇಲೆ ಚೆನ್ನಾಗಿ ಮಾಡಿದರು. ನಾಳೆಯ ಚಿಂತೆ ಮನಸ್ಸಿನ ಜಾಗವನ್ನೆಲ್ಲ ತಿಂದುಬಿಡುತ್ತದೆ. ಆ ಚಿಂತೆ ಕಳೆಯುವ ದುಡ್ಡು ನಿಜಕ್ಕೂ ನೆಮ್ಮದಿ ಕೊಡುತ್ತದೆ. ನೀವು ಕಷ್ಟಪಟ್ಟು ದುಡಿದದ್ದು ವ್ಯರ್ಥವಾಗಿಲ್ಲ.

ಅದಾದ ಮೇಲೆ? 2010ರಲ್ಲಿ ಡೇನಿಯಲ್ ಕಾನಮನ್ ಮತ್ತು ಆಂಗಸ್ ಡೀಟನ್ ಅಮೆರಿಕದ ಅಂಕಿಅಂಶ ನೋಡಿ, ವರ್ಷಕ್ಕೆ ಸುಮಾರು 75,000 ಡಾಲರ್ ಆದಾಯ ದಾಟಿದ ಮೇಲೆ ದಿನದಿನದ ಖುಷಿ ಏರುವುದಿಲ್ಲ ಅಂದರು. ಇಬ್ಬರೂ ಅರ್ಥಶಾಸ್ತ್ರದ ನೊಬೆಲ್ ಪಡೆದವರು. ಈ ಮಾತು ಜಗತ್ತಿನ ತುಂಬ ಹರಡಿತು. ಮ್ಯಾಥ್ಯೂ ಕಿಲಿಂಗ್ಸ್‌ವರ್ತ್ ಎಂಬ ಸಂಶೋಧಕರಿಗೆ ಬೇರೆ ಫಲಿತಾಂಶ ಬಂತು. ಆಮೇಲೆ ಕಾನಮನ್ ಅವರೇ ಆತನ ಜೊತೆ ಸೇರಿ ಲೆಕ್ಕವನ್ನು ಮತ್ತೆ ನೋಡಿದರು. 2023ರಲ್ಲಿ ಬಂದ ಉತ್ತರ ಹೀಗಿತ್ತು: ಬಹುಪಾಲು ಜನರಲ್ಲಿ ಆದಾಯದ ಜೊತೆ ಖುಷಿ ಏರುತ್ತಲೇ ಹೋಗುತ್ತದೆ, ಆದರೆ ನಿಧಾನವಾಗಿ. ಒಂದು ಮೆಟ್ಟಿಲು ಏರಬೇಕಾದರೆ ಆದಾಯ ಎರಡರಷ್ಟಾಗಬೇಕು, ಮುಂದಿನ ಮೆಟ್ಟಿಲಿಗೆ ಅದೂ ಎರಡರಷ್ಟಾಗಬೇಕು. ಯಾರು ತುಂಬಾ ದುಃಖದಲ್ಲಿದ್ದಾರೋ ಅವರಲ್ಲಿ ಮಾತ್ರ ಒಂದು ಮಟ್ಟ ದಾಟಿದ ಮೇಲೆ ದುಡ್ಡು ಕೆಲಸ ಮಾಡುವುದನ್ನೇ ನಿಲ್ಲಿಸುತ್ತದೆ. ಒಳಗಿನ ನೋವಿಗೆ ಹೊರಗಿನ ದುಡ್ಡು ತಲುಪುವುದಿಲ್ಲ ಅಂತ ನಾನು ಇದನ್ನು ಅರ್ಥ ಮಾಡಿಕೊಂಡಿದ್ದೇನೆ.

ಈಗ ನಿಮ್ಮ "ಒಂದು ವಾರದ ಖುಷಿ"ಗೆ ಬರೋಣ.

ಹೊಸ ಫೋನು ತಂದ ದಿನ ನೆನಪಿಸಿಕೊಳ್ಳಿ. ಡಬ್ಬಿಯ ಮುಚ್ಚಳ ಮೆಲ್ಲಗೆ ಮೇಲೇಳುತ್ತದೆ. ಪರದೆಯ ಮೇಲಿನ ತೆಳು ಪ್ಲಾಸ್ಟಿಕ್ ಹಾಳೆಯನ್ನು ಮೂಲೆಯಿಂದ ಹಿಡಿದು ಉಸಿರು ಬಿಗಿಹಿಡಿದು ಎಳೆಯುತ್ತೇವೆ. ಬೆರಳಿನ ಗುರುತು ಬಿದ್ದರೆ ಅಂಗಿಯ ತುದಿಯಿಂದ ಒರೆಸುತ್ತೇವೆ. ಮೇಜಿನ ಮೇಲೆ ಇಡುವಾಗಲೂ ಮಗುವನ್ನು ಮಲಗಿಸಿದ ಹಾಗೆ ಇಡುತ್ತೇವೆ. ಮೂರು ವಾರ ಕಳೆಯಲಿ. ಅದೇ ಫೋನು ಕೈಜಾರಿ ನೆಲಕ್ಕೆ ಬಿದ್ದರೆ ಎತ್ತಿ ಜೇಬಿಗೆ ಹಾಕಿಕೊಳ್ಳುತ್ತೇವೆ, ತಿರುಗಿಸಿ ಕೂಡ ನೋಡುವುದಿಲ್ಲ. ಫೋನು ಬದಲಾಗಿಲ್ಲ. ಬದಲಾಗದೆ ಇದ್ದದ್ದೇ ಅದರ ತಪ್ಪು. ಬದಲಾಗದೆ ಇರುವುದನ್ನು ಮನಸ್ಸು ಲೆಕ್ಕದಿಂದ ತೆಗೆದುಬಿಡುತ್ತದೆ.

ಇದಕ್ಕೆ ಹೊಂದಿಕೊಳ್ಳುವಿಕೆ ಅನ್ನುತ್ತಾರೆ. ಕತ್ತಲೆ ಕೋಣೆಗೆ ಹೋದಾಗ ಕಣ್ಣು ಹೊಂದಿಕೊಳ್ಳುವ ಹಾಗೆ. 1978ರಲ್ಲಿ ಫಿಲಿಪ್ ಬ್ರಿಕ್ಮನ್ ಮತ್ತು ಅವರ ಜೊತೆಗಾರರು ಲಾಟರಿ ಗೆದ್ದ 22 ಜನರನ್ನು ಮಾತಾಡಿಸಿದರು. ಅಕ್ಕಪಕ್ಕದ ಸಾಮಾನ್ಯ ಜನರಿಗಿಂತ ಅವರು ಹೇಳಿಕೊಳ್ಳುವಷ್ಟು ಖುಷಿಯಾಗಿರಲಿಲ್ಲ. ಅದು ಚಿಕ್ಕ ಅಧ್ಯಯನ, ಅದರ ಮೇಲೆ ದೊಡ್ಡ ಸಿದ್ಧಾಂತ ಕಟ್ಟುವುದು ಬೇಡ. ಆದರೆ ಅದರಲ್ಲಿದ್ದ ಇನ್ನೊಂದು ಸಂಗತಿ ನನ್ನ ಮನಸ್ಸಿನಿಂದ ಹೋಗುವುದಿಲ್ಲ. ಗೆಳೆಯರ ಜೊತೆ ಮಾತಾಡುವುದು, ತಮಾಷೆ ಕೇಳಿ ನಗುವುದು, ಪತ್ರಿಕೆ ಓದುವುದು, ಯಾರೋ ಮೆಚ್ಚಿ ಒಂದು ಮಾತು ಹೇಳುವುದು, ಇಂಥ ದಿನದಿನದ ಸಣ್ಣ ಸಂಗತಿಗಳಲ್ಲಿ ಲಾಟರಿ ಗೆದ್ದವರಿಗೆ ಉಳಿದವರಿಗಿಂತ ಕಡಿಮೆ ಸಂತೋಷ ಸಿಗುತ್ತಿತ್ತು. ದೊಡ್ಡ ಖುಷಿಯೊಂದು ಬಂದು ಹೋಗುವಾಗ ಸಣ್ಣ ಖುಷಿಗಳ ರುಚಿಯನ್ನೂ ಕಿತ್ತುಕೊಂಡು ಹೋಗಿತ್ತು. ನಿಮ್ಮ ಬಾಲ್ಕನಿಯ ಕಥೆಯೂ ಇದೇ ಇರಬಹುದಾ? ಯೋಚಿಸಿ ನೋಡಿ.

ಮಿದುಳಿನ ಕಡೆಯಿಂದ ನೋಡಿದರೆ ಇನ್ನೂ ಒಂದು ಸೂಕ್ಷ್ಮ ಇದೆ. 'ಬೇಕು' ಅನ್ನುವುದೂ 'ಇಷ್ಟ' ಅನ್ನುವುದೂ ಒಂದೇ ಅಂತ ನಾವು ಅಂದುಕೊಂಡಿರುತ್ತೇವೆ. ಕೆಂಟ್ ಬೆರಿಡ್ಜ್ ಎಂಬ ನರವಿಜ್ಞಾನಿ ಇವೆರಡೂ ಬೇರೆ ಬೇರೆ ದಾರಿಗಳು ಅಂತ ತೋರಿಸಿದರು. ಇಲಿಗಳ ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಇಲ್ಲದಂತೆ ಮಾಡಿದಾಗ ಅವು ಆಹಾರ ಹುಡುಕಿಕೊಂಡು ಹೋಗುವುದನ್ನೇ ಬಿಟ್ಟವು. ಆದರೆ ಬಾಯಿಗೆ ಸಿಹಿ ಹಾಕಿದರೆ ಮೊದಲಿನ ಹಾಗೇ ನಾಲಿಗೆ ಚಪ್ಪರಿಸಿದವು. ಅಂದರೆ 'ಬೇಕು' ಸತ್ತಿತ್ತು, 'ಇಷ್ಟ' ಬದುಕಿತ್ತು. ನಮ್ಮಲ್ಲಿ ಬಹಳ ಸಲ ಇದರ ತಿರುಗಾಮುರುಗಾ ಆಗುತ್ತದೆ. 'ಬೇಕು' ಜೋರಾಗಿ ಕೂಗುತ್ತಲೇ ಇರುತ್ತದೆ, 'ಇಷ್ಟ' ಯಾವಾಗಲೋ ಎದ್ದು ಹೋಗಿರುತ್ತದೆ. ಯಾವುದೋ ವಸ್ತುವಿಗಾಗಿ ರಾತ್ರಿಯೆಲ್ಲ ಹುಡುಕಿ, ಹೋಲಿಸಿ, ತರಿಸಿ, ಕೊನೆಗೆ ಡಬ್ಬಿ ಬಿಚ್ಚುವುದಕ್ಕೂ ಮನಸ್ಸಾಗದೆ ಮೂಲೆಯಲ್ಲಿ ಇಟ್ಟಿದ್ದೀರಾ? ಅದು ಇದೇ.

ಒಂದು ವಸ್ತು ಒಂಟಿಯಾಗಿ ಬರುವುದಿಲ್ಲ ಅನ್ನುವುದನ್ನೂ ಗಮನಿಸಿರಬಹುದು. 1769ರ ಹೊತ್ತಿಗೆ ಫ್ರಾನ್ಸಿನ ಚಿಂತಕ ಡೆನಿ ದಿದೆರೊ ಇದರ ಬಗ್ಗೆ ತನ್ನ ಅನುಭವವನ್ನೇ ಬರೆದಿಟ್ಟಿದ್ದಾನೆ. ಅವನಿಗೆ ಕೆಂಪು ಬಣ್ಣದ ಚೆಂದದ ಹೊಸ ನಿಲುವಂಗಿಯೊಂದು ಬಂತು. ಹಾಕಿಕೊಂಡು ಕೋಣೆ ನೋಡುತ್ತಾನೆ, ಅದರ ಮುಂದೆ ಉಳಿದದ್ದೆಲ್ಲ ಕಳಪೆಯಾಗಿ ಕಂಡಿತು. ಹುಲ್ಲಿನ ಕುರ್ಚಿ ಹೋಗಿ ಚರ್ಮದ ಕುರ್ಚಿ ಬಂತು. ಗೋಡೆಯ ಹಳೇ ಚಿತ್ರಗಳು ಇಳಿದವು, ದುಬಾರಿ ಚಿತ್ರಗಳು ಏರಿದವು. ಮೇಜು ಬದಲಾಯಿತು. ಕೊನೆಗೆ ಅವನಿಗೆ ನೆನಪಾದದ್ದು ಆ ಹಳೇ ಅಂಗಿ. ಪುಸ್ತಕದ ಮೇಲಿನ ಧೂಳನ್ನು ಅದರ ತುದಿಯಿಂದಲೇ ಒರೆಸಬಹುದಿತ್ತು. ಪೆನ್ನಿನ ಶಾಯಿ ಗಟ್ಟಿಯಾದರೆ ಅದಕ್ಕೇ ಉಜ್ಜಬಹುದಿತ್ತು. ಹಳೇ ಅಂಗಿಗೆ ತಾನು ಒಡೆಯನಾಗಿದ್ದೆ, ಹೊಸದಕ್ಕೆ ಆಳಾದೆ ಅನ್ನುವುದು ಅವನ ಸಂಕಟ. ಮಾನವಶಾಸ್ತ್ರಜ್ಞ ಗ್ರಾಂಟ್ ಮೆಕ್‌ಕ್ರಾಕನ್ 1988ರಲ್ಲಿ ಇದಕ್ಕೆ 'ದಿದೆರೊ ಪರಿಣಾಮ' ಅಂತ ಹೆಸರಿಟ್ಟರು.

ನಿಮ್ಮ ಮೂವತ್ತನೇ ವಯಸ್ಸಿನ ಪಟ್ಟಿ ಮುಗಿದದ್ದು ಯಾವಾಗ? ಒಂದೊಂದು ಸಾಲಿಗೆ ಗೆರೆ ಎಳೆದಾಗಲೂ ಅದರ ಕೆಳಗೆ ಇನ್ನೆರಡು ಸಾಲು ತಾನಾಗಿ ಬರೆದುಕೊಂಡಿರಲಿಲ್ಲವಾ?

ಹೋಲಿಕೆಯ ವಿಷಯ ಎಲ್ಲರಿಗೂ ಗೊತ್ತಿರುವುದೇ, ಜಾಸ್ತಿ ಎಳೆಯುವುದಿಲ್ಲ. ದೂರದ ಬೆಟ್ಟ ನುಣ್ಣಗೆ. ಆದರೆ 1998ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯನ್ನು ಮಾತ್ರ ಹೇಳಲೇಬೇಕು. ಸಾರಾ ಸೋಲ್ನಿಕ್ ಮತ್ತು ಡೇವಿಡ್ ಹೆಮನ್‌ವೇ ಜನರಿಗೆ ಎರಡು ಲೋಕಗಳನ್ನು ಕೊಟ್ಟು ಒಂದನ್ನು ಆರಿಸಿಕೊಳ್ಳಿ ಅಂದರು. ಒಂದರಲ್ಲಿ ನಿಮಗೆ ವರ್ಷಕ್ಕೆ 50,000 ಡಾಲರ್ ಆದಾಯ, ಉಳಿದವರಿಗೆ 25,000. ಇನ್ನೊಂದರಲ್ಲಿ ನಿಮಗೆ 1,00,000, ಉಳಿದವರಿಗೆ 2,00,000. ಬೆಲೆಗಳು ಎರಡೂ ಕಡೆ ಒಂದೇ. ಸುಮಾರು ಅರ್ಧದಷ್ಟು ಜನ ಮೊದಲನೆಯದನ್ನು ಆರಿಸಿಕೊಂಡರು. ತಮ್ಮ ಆದಾಯ ಅರ್ಧವಾದರೂ ಪರವಾಗಿಲ್ಲ, ಪಕ್ಕದವರಿಗಿಂತ ಮುಂದೆ ಇದ್ದರಾಯಿತು! ನನಗೆ ಅದಕ್ಕಿಂತ ಮುಖ್ಯ ಅನಿಸಿದ್ದು ರಜೆಯ ಬಗ್ಗೆ ಕೇಳಿದಾಗ ಬಂದ ಉತ್ತರ. ಅಲ್ಲಿ ಹೆಚ್ಚಿನ ಜನ ತಮಗೆ ಹೆಚ್ಚು ರಜೆ ಸಿಗುವ ಲೋಕವನ್ನೇ ಆರಿಸಿದರು, ಬೇರೆಯವರಿಗೆ ಅದಕ್ಕಿಂತ ಜಾಸ್ತಿ ಸಿಕ್ಕರೂ ಚಿಂತೆ ಮಾಡಲಿಲ್ಲ. ಸುಮ್ನೆ ಕೂತ ಒಂದು ಸಂಜೆಯನ್ನು ಯಾರೂ ಪಕ್ಕದ ಮನೆಯವರ ಸಂಜೆಯ ಜೊತೆ ತೂಗುವುದಿಲ್ಲ. ಬದುಕಿನಲ್ಲಿ ಹೋಲಿಕೆ ಸುಲಭವಾಗಿ ಕಾಲಿಡದ ಜಾಗಗಳು ಇನ್ನೂ ಇವೆ. ತೃಪ್ತಿ ಹುಡುಕುವವರು ಮೊದಲು ಆ ಕಡೆ ನೋಡಬೇಕು.

ಹಾಗಾದರೆ ಏನು ಮಾಡುವುದು? ಆಸೆಯನ್ನೇ ಬಿಡಬೇಕಾ ಅಂತ ಕೇಳಿದ್ದೀರಿ. ಬೇಡ. ಬಲವಂತವಾಗಿ ಅದುಮಿದ ಆಸೆ ಎಲ್ಲಿಗೂ ಹೋಗುವುದಿಲ್ಲ, ಒಳಗೇ ಕೂತು ಮುಖ ಊದಿಸಿಕೊಳ್ಳುತ್ತದೆ.

'ಸಾಕು' ಅನ್ನುವ ನಮ್ಮ ಮಾತನ್ನೇ ನೋಡಿ. ಇಷ್ಟು ಇದ್ದರೆ ಆಯಿತು, ಇನ್ನು ಬೇಡ ಅನ್ನುವುದಕ್ಕೆ ಸಾಕು ಅನ್ನುತ್ತೇವೆ. ಮಗುವನ್ನು ಸಾಕಿದರು, ನಾಯಿ ಸಾಕಿದರು ಅನ್ನುವಾಗಲೂ ಅದೇ ಸಾಕು. ಪದದ ಮೂಲದ ಚರ್ಚೆ ಇಲ್ಲಿ ಬೇಡ. ಆದರೆ ಇಷ್ಟು ವರ್ಷ ಜನರ ಜೊತೆ ಕೂತು ನಾನು ಕಂಡದ್ದು ಇದನ್ನೇ. ಎರಡನೇ ಸಾಕು ಇಲ್ಲದ ಕಡೆ ಮೊದಲನೇ ಸಾಕು ಬರುವುದಿಲ್ಲ. ಯಾವುದನ್ನು ನಾವು ಕೊಂಡು ಸುಮ್ಮನಾಗುತ್ತೇವೋ ಅದು ಎಷ್ಟಿದ್ದರೂ ಸಾಕು ಅನಿಸುವುದಿಲ್ಲ. ಯಾವುದನ್ನು ಸಾಕುತ್ತೇವೋ, ಅಂದರೆ ನೋಡಿಕೊಂಡು, ಸಮಯ ಕೊಟ್ಟು, ಕೈ ನೋಯಿಸಿಕೊಂಡು ಉಳಿಸಿಕೊಳ್ಳುತ್ತೇವೋ, ಅದು ಸ್ವಲ್ಪವೇ ಇದ್ದರೂ ತುಂಬಿಕೊಳ್ಳುತ್ತದೆ.

ಇದು ನನಗೆ ತಿಳಿದದ್ದು ಒಂದು ಕುರ್ಚಿಯಿಂದ. ನಮ್ಮ ಮನೆಯಲ್ಲಿ ಒಂದು ಬೆತ್ತದ ಕುರ್ಚಿ ಇತ್ತು. ಕೂರುವ ಜಾಗದ ಹೆಣಿಗೆ ಹರಿದು, ನಡುವೆ ತೂತು ಬಿದ್ದು, ಎರಡು ವರ್ಷ ಮೂಲೆಯಲ್ಲಿ ಬಟ್ಟೆ ಹೊತ್ತುಕೊಂಡು ನಿಂತಿತ್ತು. ಎಸೆಯಬೇಕು ಅಂತ ತೀರ್ಮಾನ ಮಾಡಿದ ದಿನ ಯಾಕೋ ಮನಸ್ಸು ಬರಲಿಲ್ಲ. ಹೆಣೆಯಲು ಬಲ್ಲ ಹಿರಿಯರೊಬ್ಬರ ಹತ್ತಿರ ಹೋಗಿ, ಮಾಡಿಕೊಡಿ ಅನ್ನುವ ಬದಲು ಹೇಳಿಕೊಡಿ ಅಂದೆ. ಬೆತ್ತದ ಎಳೆಯನ್ನು ಮೊದಲು ನೀರಿನಲ್ಲಿ ನೆನೆಹಾಕಬೇಕು. ಒಣಗಿದ್ದು ಬಗ್ಗುವುದಿಲ್ಲ, ಪಟ್ ಅಂತ ಮುರಿಯುತ್ತದೆ. ಚೌಕಟ್ಟಿನ ತೂತುಗಳಿಂದ ಉದ್ದಕ್ಕೆ ಎಳೆ ಹಾಯಿಸಬೇಕು. ಆಮೇಲೆ ಅಡ್ಡಕ್ಕೆ. ಆಮೇಲೆ ಮೂಲೆಯಿಂದ ಮೂಲೆಗೆ ಓರೆಯಾಗಿ, ಒಂದರ ಮೇಲೆ, ಇನ್ನೊಂದರ ಕೆಳಗೆ. ಒಂದು ಎಳೆ ತಪ್ಪಿದರೆ ಹತ್ತು ಸಾಲು ಬಿಚ್ಚಬೇಕು. ನಾನು ಮೂರು ಸಲ ಬಿಚ್ಚಿದೆ. ಬೆರಳ ತುದಿ ಸೀಳಿತು. ಒದ್ದೆ ಬೆತ್ತದ ವಾಸನೆ ಕೈಯಿಂದ ದಿನಗಟ್ಟಲೆ ಹೋಗಲಿಲ್ಲ. ನಾಲ್ಕು ಭಾನುವಾರ ಹಿಡಿಯಿತು. ಒಣಗಿದ ಮೇಲೆ ಬೆರಳಿಂದ ತಟ್ಟಿದರೆ ಡೋಲಿನ ಹಾಗೆ ಸಣ್ಣಗೆ ಸದ್ದು ಬಂತು, ಅಷ್ಟು ಬಿಗಿಯಾಗಿತ್ತು.

ಒಂದು ಮೂಲೆಯಲ್ಲಿ ಹೆಣಿಗೆ ಸ್ವಲ್ಪ ಸೊಟ್ಟಗಿದೆ. ಎಷ್ಟೋ ವರ್ಷ ಆಯಿತು, ಈಗಲೂ ಕೂರುವ ಮೊದಲು ಕಣ್ಣು ಆ ಮೂಲೆಗೆ ಹೋಗುತ್ತದೆ. ಬೇರೆ ಯಾವ ಕುರ್ಚಿಯೂ ನನಗೆ ಹಾಗೆ ಕಾಣಿಸುವುದಿಲ್ಲ, ಅವು ಸುಮ್ನೆ ಇವೆ ಅಷ್ಟೇ. ದಿದೆರೊ ಬಗ್ಗೆ ಓದುವಾಗೆಲ್ಲ ಅವನು ಬಿಟ್ಟುಕೊಟ್ಟ ಹುಲ್ಲಿನ ಕುರ್ಚಿ ನೆನೆದು ನನಗೆ ನಿಜವಾಗಿಯೂ ಬೇಜಾರಾಗುತ್ತದೆ.

ಗಮನಿಸಿ, ಕುರ್ಚಿಯೂ ವಸ್ತುವೇ. ವಸ್ತುಗಳ ಆಚೆಗೆ ಹೋಗುವುದು ಅಂದರೆ ಎಲ್ಲವನ್ನೂ ಬಿಸಾಕಿ ಖಾಲಿ ಗೋಡೆ ನೋಡುತ್ತಾ ಕೂರುವುದಲ್ಲ. ಅದೂ ಒಂದು ಬಗೆಯ ವಸ್ತುವಿನ ಚಿಂತೆಯೇ. ವಸ್ತುವಿನ ಜೊತೆ ನಮ್ಮ ನಂಟು ಕೊಳ್ಳುವಲ್ಲಿಗೆ ಮುಗಿಯುತ್ತದೋ, ಅಲ್ಲಿಂದ ಶುರುವಾಗುತ್ತದೋ ಅನ್ನುವುದು ಪ್ರಶ್ನೆ.

ಮನುಷ್ಯರ ವಿಷಯದಲ್ಲಂತೂ ಇದು ನೂರಕ್ಕೆ ನೂರು ನಿಜ. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ 1938ರಲ್ಲಿ ಶುರುವಾದ ಒಂದು ಅಧ್ಯಯನ ಇವತ್ತಿಗೂ ನಡೆಯುತ್ತಿದೆ. ಒಟ್ಟು 724 ಗಂಡಸರನ್ನು ಹದಿಹರೆಯದಿಂದ ಮುಪ್ಪಿನವರೆಗೆ ಹಿಂಬಾಲಿಸಿದರು. ಅವರಲ್ಲಿ ಒಂದು ಗುಂಪು ಹಾರ್ವರ್ಡ್‌ನಲ್ಲೇ ಓದುತ್ತಿದ್ದವರು, ಇನ್ನೊಂದು ಗುಂಪು ಬಾಸ್ಟನ್‌ನ ತೀರಾ ಬಡ ಬೀದಿಗಳ ಹುಡುಗರು. ಆಮೇಲೆ ಅವರ ಹೆಂಡತಿಯರು, ಮಕ್ಕಳು ಕೂಡ ಸೇರಿದರು. ಈಗಿನ ನಿರ್ದೇಶಕ ರಾಬರ್ಟ್ ವಾಲ್ಡಿಂಗರ್ ಮತ್ತೆ ಮತ್ತೆ ಹೇಳುವುದು ಒಂದೇ ಮಾತು: ಐವತ್ತನೇ ವಯಸ್ಸಿನಲ್ಲಿ ಯಾರು ತಮ್ಮ ಸಂಬಂಧಗಳಲ್ಲಿ ತೃಪ್ತರಾಗಿದ್ದರೋ ಅವರೇ ಎಂಬತ್ತರಲ್ಲಿ ಹೆಚ್ಚು ಆರೋಗ್ಯವಾಗಿದ್ದರು. ಆ ವಯಸ್ಸಿನ ಕೊಲೆಸ್ಟ್ರಾಲ್ ಮಟ್ಟಕ್ಕಿಂತ ಇದು ಮುಂದಿನ ಆರೋಗ್ಯವನ್ನು ಚೆನ್ನಾಗಿ ಹೇಳಿತು. ನಿಮಗೆ ಈಗ 44. ಐವತ್ತಕ್ಕೆ ಇನ್ನೂ ಆರು ವರ್ಷ ಇದೆ.

ಸಂಬಂಧ ಅಂದರೆ ಮನೆಯಲ್ಲಿ ಎಲ್ಲರೂ ಇದ್ದಾರೆ ಅನ್ನುವುದಲ್ಲ. ಅದೂ ಫೋನಿನ ಹಾಗೆಯೇ. ಇದ್ದಾರೆ, ಇರುತ್ತಾರೆ ಅಂತ ಮನಸ್ಸು ಲೆಕ್ಕದಿಂದ ತೆಗೆದುಬಿಟ್ಟಿರುತ್ತದೆ. ಆದರೆ ಒಂದು ವ್ಯತ್ಯಾಸ ಇದೆ. ಮನುಷ್ಯರು ಬದಲಾಗುತ್ತಲೇ ಇರುತ್ತಾರೆ. ಹೋದ ವರ್ಷದ ಮಗಳು ಈ ವರ್ಷ ಇಲ್ಲ. ನೋಡುವವರಿಗೆ ಅವಳು ದಿನಕ್ಕೊಂದು ಹೊಸತು. ಹಳತಾಗಿರುವುದು ನಮ್ಮ ನೋಟ.

ದುಡ್ಡನ್ನು ಖರ್ಚು ಮಾಡುವ ರೀತಿಯ ಬಗ್ಗೆಯೂ ಒಂದೆರಡು ಮಾತು. 2008ರಲ್ಲಿ ಎಲಿಜಬೆತ್ ಡನ್, ಲಾರಾ ಆಕ್ನಿನ್, ಮೈಕೆಲ್ ನಾರ್ಟನ್ ಮೂವರೂ ಒಂದು ಪ್ರಯೋಗ ಮಾಡಿದರು. ಬೆಳಿಗ್ಗೆ ಜನರ ಕೈಗೆ 5 ಡಾಲರ್ ಅಥವಾ 20 ಡಾಲರ್ ಇಟ್ಟು, ಸಂಜೆ ಐದರೊಳಗೆ ಖರ್ಚು ಮಾಡಿ ಅಂದರು. ಅರ್ಧ ಜನ ತಮಗಾಗಿ, ಉಳಿದರ್ಧ ಬೇರೆಯವರಿಗಾಗಿ. ಸಂಜೆ ಕೇಳಿದಾಗ ಬೇರೆಯವರಿಗೆ ಖರ್ಚು ಮಾಡಿದವರೇ ಹೆಚ್ಚು ಖುಷಿಯಾಗಿದ್ದರು. ಐದೋ ಇಪ್ಪತ್ತೋ ಅನ್ನುವುದರಿಂದ ವ್ಯತ್ಯಾಸ ಆಗಲಿಲ್ಲ. ನನ್ನ ಅನುಭವವೂ ಇದೇ, ಆದರೆ ಒಂದು ಷರತ್ತಿದೆ. ಕೊಟ್ಟದ್ದು ಯಾರ ಕೈ ಸೇರಿತು, ಅವರಿಗೆ ಏನಾಯಿತು ಅಂತ ಕಣ್ಣಾರೆ ಕಂಡಾಗ ಆ ಖುಷಿ ಉಳಿಯುತ್ತದೆ. ತಿಂಗಳಿಗೊಮ್ಮೆ ಖಾತೆಯಿಂದ ತಾನಾಗಿ ಕಡಿತವಾಗುವ ದೇಣಿಗೆ ಒಳ್ಳೆಯದೇ, ಬಿಡಬೇಡಿ. ಆದರೆ ಅದರ ಜೊತೆಗೆ ಒಬ್ಬರಿಗೆ ನೀವೇ ಎದುರು ನಿಂತು ಏನಾದರೂ ಮಾಡಿ.

ಸಾಮಾನಿಗಿಂತ ಪ್ರವಾಸ, ಸಂಗೀತ, ಊಟದ ಕೂಟದಂಥ ಅನುಭವಗಳು ಜಾಸ್ತಿ ಖುಷಿ ಕೊಡುತ್ತವೆ ಅಂತಲೂ ಸಂಶೋಧಕರು ತೋರಿಸಿದ್ದಾರೆ. ಲೀಫ್ ವ್ಯಾನ್ ಬೋವನ್ ಮತ್ತು ಥಾಮಸ್ ಗಿಲೋವಿಚ್ 2003ರಲ್ಲೇ ಇದನ್ನು ಬರೆದರು. ಒಪ್ಪುತ್ತೇನೆ. ಆದರೆ ಈಗ ಅನುಭವವನ್ನೂ ವಸ್ತುವಿನ ಹಾಗೆ ಗುಡ್ಡೆ ಹಾಕುವವರನ್ನು ನೋಡಿ ದುಃಖವಾಗುತ್ತದೆ. ಸೂರ್ಯ ಮುಳುಗುವುದನ್ನು ನೋಡುವ ಮೊದಲೇ ಅದರ ಫೋಟೊಗೆ ಹೆಸರು ಯೋಚಿಸುತ್ತಿದ್ದರೆ ಅಲ್ಲಿ ಹೋದವರು ಯಾರು? ದುಡ್ಡಿನಿಂದ ಕೊಳ್ಳಬಹುದಾದ ಅತ್ಯಂತ ಒಳ್ಳೆಯದು ಯಾವುದು ಅಂತ ನನ್ನನ್ನು ಕೇಳಿದರೆ ಸಮಯ ಅನ್ನುತ್ತೇನೆ. ನಿಮಗೆ ಬೇಡವಾದ ಒಂದು ಕೆಲಸವನ್ನು ದುಡ್ಡು ಕೊಟ್ಟು ಮಾಡಿಸಿ, ಉಳಿದ ಆ ಎರಡು ಗಂಟೆಯನ್ನು ಇನ್ನೊಂದು ಕೆಲಸಕ್ಕೆ ಹಾಕದೆ ಉಳಿಸಿಕೊಳ್ಳಿ. ಆ ಕೊನೆಯ ಮಾತೇ ಕಷ್ಟದ್ದು.

ಇನ್ನು ನಿಮ್ಮ ಭಯ. ತೃಪ್ತಿ ಬಂದರೆ ಬೆಳವಣಿಗೆ ನಿಲ್ಲುತ್ತದಾ? 1971ರಲ್ಲಿ ಎಡ್ವರ್ಡ್ ಡೆಸಿ ಎಂಬ ಮನೋವಿಜ್ಞಾನಿ ವಿದ್ಯಾರ್ಥಿಗಳಿಗೆ ತುಂಡುಗಳನ್ನು ಜೋಡಿಸುವ ಒಗಟು ಕೊಟ್ಟರು. ಬಹಳ ಮಜವಾದ ಒಗಟು, ಬಿಡುವಿನಲ್ಲೂ ಜನ ಅದನ್ನೇ ಆಡುತ್ತಿದ್ದರು. ಆಮೇಲೆ ಒಂದು ಗುಂಪಿಗೆ ಒಗಟು ಬಿಡಿಸಿದ್ದಕ್ಕೆ ದುಡ್ಡು ಕೊಟ್ಟು, ನಂತರ ಕೊಡುವುದನ್ನು ನಿಲ್ಲಿಸಿದರು. ದುಡ್ಡು ನಿಂತ ಮೇಲೆ ಆ ಗುಂಪಿನವರು ಬಿಡುವಿನಲ್ಲಿ ಒಗಟನ್ನು ಮೊದಲಿನಷ್ಟು ಮುಟ್ಟಲಿಲ್ಲ. ದುಡ್ಡೇ ಕಾಣದಿದ್ದ ಗುಂಪು ಆಡುತ್ತಲೇ ಇತ್ತು. ಬಹುಮಾನ ಬಂದು ಆಟದ ರುಚಿಯನ್ನು ತಗೊಂಡು ಹೋಗಿತ್ತು.

ಆದ್ದರಿಂದ ನಿಮ್ಮ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳುತ್ತೇನೆ. ಯಾರಿಗೂ ತೋರಿಸುವಂತಿಲ್ಲ, ಯಾರೂ ಹೊಗಳುವುದಿಲ್ಲ, ಒಂದು ಪೈಸೆಯೂ ಬರುವುದಿಲ್ಲ ಅಂದರೂ ನೀವು ಇನ್ನೂ ಚೆನ್ನಾಗಿ ಮಾಡಬೇಕು ಅಂದುಕೊಳ್ಳುವ ಕೆಲಸ ಯಾವುದು? ಉತ್ತರ ಇದ್ದರೆ ನಿಮ್ಮ ಬೆಳವಣಿಗೆಗೆ ಏನೂ ಆಗುವುದಿಲ್ಲ. ತೃಪ್ತಿ ಇರುವವರು ಕೈಕಟ್ಟಿ ಕೂರುವುದನ್ನು ನಾನು ಕಂಡಿಲ್ಲ. ಅವರ ಕೆಲಸದಲ್ಲಿ ಆತುರ ಇರುವುದಿಲ್ಲ, ಅಷ್ಟೇ. ಉತ್ತರ ಈಗಲೇ ಹೊಳೆಯದಿದ್ದರೆ ಗಾಬರಿ ಬೇಡ. ಹತ್ತು ಹನ್ನೆರಡನೇ ವಯಸ್ಸಿನಲ್ಲಿ ಯಾರೂ ಹೇಳದೆ ಏನು ಮಾಡುತ್ತಾ ಹೊತ್ತು ಮರೆಯುತ್ತಿದ್ದಿರಿ ಅಂತ ನೆನಪಿಸಿಕೊಳ್ಳಿ. ಹುಡುಕಾಟಕ್ಕೆ ಅದು ಒಳ್ಳೆಯ ಜಾಗ.

ಮಾಡುವುದಕ್ಕೆ ಏನಾದರೂ ಹೇಳಿ ಅಂತ ಅನಿಸುತ್ತಿರಬಹುದು. ಎರಡು ಮೂರು ಇವೆ, ಜಾಸ್ತಿ ಇಲ್ಲ.

ಕೃತಜ್ಞತೆಯ ಡೈರಿ ಬರೆಯಿರಿ ಅಂತ ಎಲ್ಲರೂ ಹೇಳುತ್ತಾರೆ. ಬರೆದರೆ ಒಳ್ಳೆಯದೇ. ಆದರೆ ದಿನಾ ಬೇಡ, ವಾರಕ್ಕೊಮ್ಮೆ ಸಾಕು. ದಿನಾ ಬರೆದರೆ ಅದಕ್ಕೂ ಮನಸ್ಸು ಹೊಂದಿಕೊಂಡು, ಬರೀ ಪಟ್ಟಿಯಾಗಿಬಿಡುತ್ತದೆ. ಅದಕ್ಕಿಂತ ಜೋರಾಗಿ ಕೆಲಸ ಮಾಡುವ ಒಂದು ಉಪಾಯ ಇದೆ. ಇರುವುದನ್ನು ಮನಸ್ಸಿನಲ್ಲೇ ಕಳೆದು ನೋಡುವುದು. 2008ರಲ್ಲಿ ಮಿಂಕ್ಯುಂಗ್ ಕೂ ಮತ್ತು ಜೊತೆಗಾರರು ಇದನ್ನು ದಂಪತಿಗಳ ಮೇಲೆ ನೋಡಿದರು. ಕೆಲವರಿಗೆ, ನಿಮ್ಮ ಸಂಗಾತಿ ನಿಮಗೆ ಹೇಗೆ ಸಿಕ್ಕರು ಬರೆಯಿರಿ ಅಂದರು. ಇನ್ನು ಕೆಲವರಿಗೆ, ಅವರು ಸಿಗದೇ ಹೋಗುವ ಸಾಧ್ಯತೆ ಹೇಗಿತ್ತು ಬರೆಯಿರಿ ಅಂದರು. ಎರಡನೆಯದನ್ನು ಬರೆದವರಿಗೇ ತಮ್ಮ ಸಂಸಾರದ ಬಗ್ಗೆ ಹೆಚ್ಚು ತೃಪ್ತಿ ಮೂಡಿತು. ಅವತ್ತು ಬಸ್ಸು ತಪ್ಪಿದ್ದರೆ, ಆ ಕೆಲಸಕ್ಕೆ ಅರ್ಜಿ ಹಾಕದೇ ಇದ್ದಿದ್ದರೆ, ಇವರು ಯಾರೋ ನಾನು ಯಾರೋ ಅಲ್ವಾ ಅಂತ ಅನಿಸಿದಾಗ ಎದುರಿಗಿರುವ ಮುಖ ಮತ್ತೆ ಹೊಸದಾಗುತ್ತದೆ. ಒಂದು ರಾತ್ರಿ ಹತ್ತು ನಿಮಿಷ ಇದನ್ನು ಮಾಡಿ ನೋಡಿ. ಆದರೆ ಮನಸ್ಸು ಸುಲಭವಾಗಿ ಆತಂಕಕ್ಕೆ ಜಾರುತ್ತದೆ ಅನ್ನುವವರು ಇದನ್ನು ಮಾಡಬೇಡಿ. ಅವರಿಗೆ ಕಳೆದುಕೊಳ್ಳುವ ಭಯವೇ ಹೆಚ್ಚಾಗಬಹುದು.

ಕೊಳ್ಳುವ ಆಸೆ ಬಂದಾಗ ಅದನ್ನು ಒಂದು ಹಾಳೆಯಲ್ಲಿ ತಾರೀಖಿನ ಜೊತೆ ಬರೆದಿಡಿ. 30 ದಿನ ಆದ ಮೇಲೆ ನೋಡಿ. ಆಗಲೂ ಬೇಕು ಅನಿಸಿದರೆ ಸಂತೋಷದಿಂದ ಕೊಳ್ಳಿ, ತಪ್ಪಿತಸ್ಥ ಭಾವ ಬೇಡ. ಅರ್ಧಕ್ಕರ್ಧ ಸಾಲುಗಳನ್ನು ಯಾಕೆ ಬರೆದೆ ಅಂತ ನಿಮಗೇ ನೆನಪಿರುವುದಿಲ್ಲ. 'ಬೇಕು' ಕೂಗುವ ಸದ್ದನ್ನು ಅಡಗಿಸದೆ, ಸುಮ್ನೆ ಸ್ವಲ್ಪ ಕಾಯಿಸುವ ಕೆಲಸ ಇದು.

ಮೂರನೆಯದು ಬಾಲ್ಕನಿ. ಅಲ್ಲಿಗೆ ಹೊಸದೇನನ್ನೂ ತರಬೇಡಿ. ಗಿಡದ ಕುಂಡ, ಬಣ್ಣದ ದೀಪ, ಉಯ್ಯಾಲೆ ಯಾವುದೂ ಈಗ ಬೇಡ. ಮನೆಯಲ್ಲಿ ಇರುವ ಎರಡು ಕುರ್ಚಿಗಳನ್ನೇ ಎತ್ತಿಕೊಂಡು ಹೋಗಿ ಹಾಕಿ. ಫೋನು ಒಳಗೆ ಇರಲಿ. ಮಗಳನ್ನು ಕರೆಯಿರಿ. ಮೊದಲ ಸಲ ಇಬ್ಬರಿಗೂ ಏನು ಮಾತಾಡಬೇಕೋ ಗೊತ್ತಾಗುವುದಿಲ್ಲ. ಐದು ನಿಮಿಷಕ್ಕೆ ಅವಳು ಎದ್ದು ಹೋಗಬಹುದು, ಹೋಗಲಿ ಬಿಡಿ. ಎರಡು ಮೂರು ದಿನ ನಿಮಗೂ ಚಡಪಡಿಕೆ ಇರುತ್ತದೆ. ಕೈ ತಾನಾಗಿ ಜೇಬಿಗೆ ಹೋಗುತ್ತದೆ. ಒಣ ಬೆತ್ತ ನೀರಿನಲ್ಲಿ ನೆನೆಯುವಷ್ಟು ಹೊತ್ತು ಅದಕ್ಕೂ ಕೊಡಿ. ಎರಡು ವಾರ ಬಿಡದೆ ಕೂತ ಮೇಲೆ ಮತ್ತೊಮ್ಮೆ ನನಗೆ ಬರೆಯಿರಿ. ಖುಷಿ ಎಷ್ಟಾಯಿತು ಅನ್ನುವ ಲೆಕ್ಕ ಬೇಡ. ಅಲ್ಲಿಂದ ಏನೇನು ಕಾಣಿಸುತ್ತದೆ, ಅವಳು ಏನು ಹೇಳಿದಳು, ಅದನ್ನು ಬರೆಯಿರಿ.